ಕೋಣೆ ಕೊಟ್ಟರೆ ಬೋಧನೆ ಕೆಡುತ್ತದೆಯೇ?



ಮೇ ತಿಂಗಳ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಯುವ ಘಟಕದ ಚರ್ಚಾಕೂಟ ಇತ್ತು. ಕಾಲೇಜುಗಳು ತೆರೆಯುವ ಹೊತ್ತು. ಈ ವರ್ಷ ನಮ್ಮ ಚರ್ಚಿನಿಂದ ಕೆಲವರು ಮಂಗಳೂರಿಗೆ, ಕೆಲವರು ಕಣ್ಣೂರಿಗೆ, ಇನ್ನು ಕೆಲವರು ಬೆಂಗಳೂರಿಗೆ ಓದಲು ಹೊರಟಿದ್ದಾರೆ. ಹೆಚ್ಚಿನವರು ಸೇರುವುದು ಕ್ರೈಸ್ತ ಸಂಸ್ಥೆಗಳಿಗೇ. ಎರಡನೇ ವರ್ಷದ ಪದವಿಯಲ್ಲಿರುವ ನಮ್ಮ ಸದಸ್ಯೆಯೊಬ್ಬಳು ವಿಷಯ ಸೂಚಿಸಿದ್ದಳು: ಸಲಿಂಗ ಆಕರ್ಷಣೆ ಇರುವ ವಿದ್ಯಾರ್ಥಿಗಳನ್ನು, ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳನ್ನು ಕ್ರೈಸ್ತ ಕಾಲೇಜುಗಳು ಎಷ್ಟರ ಮಟ್ಟಿಗೆ ಒಪ್ಪಿಕೊಳ್ಳಬೇಕು?

ಒಂದು ಗಂಟೆಯ ಕಾರ್ಯಕ್ರಮ ಎರಡೂವರೆ ಗಂಟೆ ಹಿಡಿಯಿತು. ಚಹಾವನ್ನು ಎರಡು ಸಲ ಬಿಸಿ ಮಾಡಬೇಕಾಯಿತು. ಎದ್ದು ಹೋದವರೂ ಇದ್ದರು, ಹೋಗಿ ಮತ್ತೆ ಬಂದು ಕೂತವರೂ ಇದ್ದರು. ಆ ದಿನ ಒಮ್ಮತಕ್ಕೆ ಬರಲಾಗಲಿಲ್ಲ. ಆಮೇಲೆ ನಾವು ಏಳೆಂಟು ಮಂದಿ ಮತ್ತೆ ಮೂರು ಸಲ ಕೂತು ಓದಿ, ಮಾತಾಡಿ, ಫಾದರ್ ಹತ್ತಿರ ಕೇಳಿ ಈ ಬರಹ ಸಿದ್ಧಮಾಡಿದ್ದೇವೆ. ಇದು ಇಡೀ ಘಟಕದ ಅಭಿಪ್ರಾಯ ಅಲ್ಲ. ಬರೆದ ನಮ್ಮದು.

ಮೊದಲು ಒಂದು ತಪ್ಪೊಪ್ಪಿಗೆ. ಅದನ್ನು ಹೇಳದೆ ಮುಂದಿನದನ್ನು ಹೇಳುವ ಹಕ್ಕು ನಮಗಿಲ್ಲ.

ನಾವು ಮಾಡಿದ್ದು

ನಮ್ಮ ಜೊತೆ ಧರ್ಮೋಪದೇಶದ ತರಗತಿಯಲ್ಲಿ ಕೂತವನು, ಕ್ರಿಸ್ಮಸ್‌ಗೆ ಗೋದಲಿ ಕಟ್ಟಲು ಮೊದಲು ಬರುತ್ತಿದ್ದವನು ಒಬ್ಬನಿದ್ದಾನೆ. ಹೆಸರು ಬೇಡ. ಅವನನ್ನು ಕೇಳಿಯೇ ಬರೆಯುತ್ತಿದ್ದೇವೆ, ಗುರುತು ಸಿಗುವ ವಿವರಗಳನ್ನು ಅವನು ಹೇಳಿದಂತೆ ಬಿಟ್ಟಿದ್ದೇವೆ. ಪಿಯುಸಿ ಮುಗಿಸಿ ದೂರದ ಊರಿನ ಕ್ರೈಸ್ತ ಕಾಲೇಜೊಂದಕ್ಕೆ ಸೇರಿದ. ಹಾಸ್ಟೆಲಿನಲ್ಲಿ ಯಾರೋ ಅವನ ಫೋನು ತೆಗೆದು ಇನ್ನೊಬ್ಬ ಹುಡುಗನಿಗೆ ಅವನು ಬರೆದಿದ್ದ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದರು. ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಇಡೀ ಹಾಸ್ಟೆಲಿಗೆ ಗೊತ್ತಾಗಿತ್ತು. ಅವನು ಕೂತ ಮೇಜಿನಿಂದ ಉಳಿದವರು ಎದ್ದರು. ಸ್ನಾನದ ಕೋಣೆಯ ಬಾಗಿಲ ಮೇಲೆ ಅವನ ಹೆಸರು ಬರೆದರು. ಅವನು ವಾರ್ಡನರ ಹತ್ತಿರ ಹೋಗಿ ಅಳುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಾರ್ಡನ್ ಸಮಾಧಾನದ ಮಾತಾಡಿ ಕಳಿಸಿ, ಆ ಸಂಜೆಯೇ ಅವನ ತಂದೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಸ್ಕ್ರೀನ್‌ಶಾಟ್ ತೆಗೆದವರನ್ನು ಯಾರೂ ಕರೆದು ಕೇಳಲಿಲ್ಲ.

ತಂದೆ ರಾತ್ರಿ ರೈಲು ಹಿಡಿದು ಹೋದರು. ಅಲ್ಲಿ ಏನು ನಡೆಯಿತೆಂದು ಬರೆಯುವುದು ಬೇಡ. ಅವನ ಓದು ಎರಡನೇ ವರ್ಷಕ್ಕೇ ನಿಂತಿತು.

ಆ ಸ್ಕ್ರೀನ್‌ಶಾಟ್ ಸುತ್ತಿ ಸುತ್ತಿ ನಮ್ಮ ಯುವ ಘಟಕದ ವಾಟ್ಸಾಪ್ ಗುಂಪಿಗೂ ಬಂತು. ಒಬ್ಬರು ನಗುವ ಇಮೋಜಿ ಹಾಕಿದರು. ಇನ್ನೂ ನಾಲ್ಕು ಜನ ಹಾಕಿದರು. ಉಳಿದವರು ನೋಡಿ ಸುಮ್ಮನಿದ್ದರು. "ಇದನ್ನು ತೆಗೆಯಿರಿ" ಎಂದು ಒಬ್ಬರೂ ಬರೆಯಲಿಲ್ಲ. ಅವನೂ ಆ ಗುಂಪಿನಲ್ಲಿದ್ದ. ರಾತ್ರಿ ಹನ್ನೊಂದಕ್ಕೆ ಅವನು ಗುಂಪಿನಿಂದ ಹೊರಗೆ ಹೋದ ಎಂದು ಫೋನು ತೋರಿಸಿತು. ಆಗಲೂ ಯಾರೂ ಏನೂ ಬರೆಯಲಿಲ್ಲ.

ಮೊಂತಿ ಹಬ್ಬಕ್ಕೆ ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿ ತಿನ್ನಬೇಕು ಎನ್ನುವುದು ನಮ್ಮಲ್ಲಿರುವ ಕ್ರಮ. ಮುಂಬಯಿಯಲ್ಲಿರಲಿ, ದುಬೈಯಲ್ಲಿರಲಿ, ಬರಲಾಗದವರ ಪಾಲನ್ನು ತೆಗೆದಿಡುವ, ಕಳಿಸಿಕೊಡುವ ಮನೆಗಳಿವೆ. ಮೂರು ಸೆಪ್ಟೆಂಬರ್ ಎಂಟುಗಳಿಂದ ಅವನ ತಾಯಿ ಅವನ ಪಾಲು ತೆಗೆದಿಡುತ್ತಿದ್ದಾರೆ. ಅವನು ಇರುವುದು ರೈಲಿನಲ್ಲಿ ಒಂದು ರಾತ್ರಿಯ ದಾರಿಯಲ್ಲಿ.

ಆದ್ದರಿಂದ ಈ ಚರ್ಚೆ ನಮಗೆ ಅಮೆರಿಕದಿಂದ ಬಂದ ಹೊಸ ಗಾಳಿ ಅಲ್ಲ. ಅದು ಮೂರನೇ ಬೆಂಚಿನಲ್ಲಿ ಒಬ್ಬಂಟಿಯಾಗಿ ಕೂತು ಜಪಸರ ಮಾಡುವ ಒಬ್ಬ ತಾಯಿಯ ವಿಷಯ.

ಒಂದು ಹಳೆಯ ಮೊಕದ್ದಮೆ

ಆದರೂ ಅಮೆರಿಕದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿ, ಕೋರ್ಟು ಹತ್ತಿ, ಬಹಳ ವರ್ಷ ಒದ್ದಾಡಿದ ಕಥೋಲಿಕ ಕಾಲೇಜು ಅಲ್ಲಿದೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ 1789ರಲ್ಲಿ ಆರಂಭವಾದದ್ದು. ಅದು ಯೇಸುಸಭೆಯ ಸಂಸ್ಥೆ, ಅಂದರೆ 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಅದೇ ಜೆಸ್ವಿತ್ ಗುರುಗಳದ್ದು.

1980ರ ಹೊತ್ತಿಗೆ ಅಲ್ಲಿನ ಸಲಿಂಗಿ ವಿದ್ಯಾರ್ಥಿಗಳು ತಮ್ಮ ಸಂಘಕ್ಕೆ ಮಾನ್ಯತೆ ಕೇಳಿದರು. ಕಥೋಲಿಕ ಬೋಧನೆಗೆ ಹೊಂದುವುದಿಲ್ಲವೆಂದು ವಿಶ್ವವಿದ್ಯಾಲಯ ನಿರಾಕರಿಸಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ವಿಶ್ವವಿದ್ಯಾಲಯ ಗೆದ್ದಿತು. 1987ರ ನವೆಂಬರಿನಲ್ಲಿ ಮೇಲ್ಮನವಿಯ ತೀರ್ಪು ಬಂದಾಗ ಯಾರೂ ಪೂರ್ತಿ ಗೆಲ್ಲಲಿಲ್ಲ, ಯಾರೂ ಪೂರ್ತಿ ಸೋಲಲೂ ಇಲ್ಲ. ನ್ಯಾಯಾಲಯ ಎರಡು ವಿಷಯಗಳನ್ನು ಬಿಡಿಸಿ ನೋಡಿತು. ಒಂದು, ಸಂಘವನ್ನು ವಿಶ್ವವಿದ್ಯಾಲಯ ಮೆಚ್ಚಿ ಒಪ್ಪಿದೆ ಎಂಬ ಅರ್ಥ ಕೊಡುವ ಮಾನ್ಯತೆ. ಒಂದು ಧಾರ್ಮಿಕ ಸಂಸ್ಥೆಯಿಂದ ಇದನ್ನು ಬಲವಂತವಾಗಿ ಹೇಳಿಸುವ ಹಾಗಿಲ್ಲ. ಎರಡು, ಸಭೆಗೆ ಕೋಣೆ, ಟಪಾಲು ಸೌಲಭ್ಯ ಮುಂತಾಗಿ ಇತರ ವಿದ್ಯಾರ್ಥಿ ಸಂಘಗಳಿಗೆ ಸಿಗುವ ಅನುಕೂಲಗಳು. ಇವನ್ನು ನಿರಾಕರಿಸುವ ಹಾಗಿಲ್ಲ.

ವಿಶ್ವವಿದ್ಯಾಲಯ ಆ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಹೋಗದಿರಲು ನಿರ್ಧರಿಸಿತು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದಲ್ಲ. 2007ರಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬನು ತಾನು ಸಲಿಂಗಿ ಎಂಬ ಕಾರಣಕ್ಕೆ ಹಲ್ಲೆಗೊಳಗಾದೆ ಎಂದು ದೂರಿದ. ವಿದ್ಯಾರ್ಥಿಗಳು ಅಧ್ಯಕ್ಷ ಜಾನ್ ಡಿಜೋಯಿಯಾ ಅವರ ಬಾಗಿಲು ತಟ್ಟಿದರು. 2008ರಲ್ಲಿ ವಿಶ್ವವಿದ್ಯಾಲಯವೇ ಮುಂದೆ ನಿಂತು ಇಂಥ ವಿದ್ಯಾರ್ಥಿಗಳಿಗಾಗಿ ಒಂದು ಕೇಂದ್ರ ತೆರೆಯಿತು. ಅಮೆರಿಕದ ಕಥೋಲಿಕ ವಿಶ್ವವಿದ್ಯಾಲಯಗಳಲ್ಲಿ ಅಂಥದ್ದು ಅದೇ ಮೊದಲು. ಒಂದು ಕಾಲಕ್ಕೆ ಕೋರ್ಟು ಹೇಳಿದರೂ ಕೋಣೆ ಕೊಡಲು ಮನಸ್ಸಿಲ್ಲದಿದ್ದವರು ಇಪ್ಪತ್ತು ವರ್ಷಗಳ ನಂತರ ಕೋರ್ಟಿನ ಆದೇಶವಿಲ್ಲದೆ ಬಾಗಿಲು ತೆರೆದರು. ಆ ಕಾಲೇಜಿನಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ದೈವಶಾಸ್ತ್ರ ಕಲಿಸುತ್ತಾರೆ.

ಹೋಲಿ ಕ್ರಾಸ್ ಸಭೆಯ ಗುರುಗಳು 1842ರಲ್ಲಿ ಕಟ್ಟಿದ ನೋಟರ್ ಡೇಮ್ ವಿಶ್ವವಿದ್ಯಾಲಯದ ದಾರಿ ಬೇರೆ. ಅಲ್ಲಿಯೂ ವಿದ್ಯಾರ್ಥಿ ಸಂಘಕ್ಕೆ ವರ್ಷಗಟ್ಟಲೆ ಮಾನ್ಯತೆ ಸಿಗಲಿಲ್ಲ. 2012ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಒಂದು ಪಾಲನಾ ಯೋಜನೆಯನ್ನೇ ಪ್ರಕಟಿಸಿತು. ಧರ್ಮಸಭೆಯ ಬೋಧನೆಯನ್ನು, ಪರಿಶುದ್ಧತೆಯ ಕರೆಯನ್ನು ಅದು ಬಿಡಲಿಲ್ಲ. ಆ ಬೋಧನೆಯ ಒಳಗೆ ನಿಂತೇ ಈ ವಿದ್ಯಾರ್ಥಿಗಳಿಗೆ ಒಂದು ಸಂಘಕ್ಕೆ ಜಾಗ ಮಾಡಿತು.

ಇನ್ನೊಂದು ದಾರಿಯೂ ಇದೆ. ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯ ಯೆಹೂದ್ಯರದ್ದು. ಅಲ್ಲಿಯೂ ಇಂಥದ್ದೇ ಸಂಘದ ವಿವಾದ ಕೋರ್ಟು ಹತ್ತಿತು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತಕ್ಷಣದ ತಡೆ ಕೊಡಲು ಒಪ್ಪಲಿಲ್ಲ, ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆಗ ವಿಶ್ವವಿದ್ಯಾಲಯ ಏನು ಮಾಡಿತು? ಪದವಿ ವಿದ್ಯಾರ್ಥಿಗಳ ಎಲ್ಲ ಸಂಘಗಳ ಚಟುವಟಿಕೆಯನ್ನೂ ಕೆಲಕಾಲ ನಿಲ್ಲಿಸಿಬಿಟ್ಟಿತು. ಒಂದು ಬಾಗಿಲು ತೆರೆಯಬಾರದೆಂದು ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಹಾಗೆ. ಇದು ನಮ್ಮ ಚರ್ಚೆಯಲ್ಲಿ ಬಂದಾಗ ಎರಡೂ ಪಕ್ಷದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಿರೋಧದ ಮಾತುಗಳು

ಚರ್ಚೆಯಲ್ಲಿ ವಿರೋಧವಾಗಿ ಬಂದ ಮಾತುಗಳು ಹಗುರವಾದವಲ್ಲ. ನಮ್ಮೂರಿನ ನಿವೃತ್ತ ಮಾಸ್ಟ್ರು ಕೇಳಿದರು: "ಮಕ್ಕಳೇ, ಸಾಲ ಮಾಡಿ ಫೀಸು ಕಟ್ಟಿ ಕ್ರೈಸ್ತ ಕಾಲೇಜಿಗೆ ಯಾಕೆ ಕಳಿಸುತ್ತೇವೆ? ಅಲ್ಲಿಯೂ ಎಲ್ಲದಕ್ಕೂ ಹೂಂ ಎನ್ನುವುದಾದರೆ ಸರಕಾರಿ ಕಾಲೇಜು ಸಾಲದೇ?" ಈ ಪ್ರಶ್ನೆಗೆ ನಮ್ಮಲ್ಲಿ ಕೂಡಲೇ ಉತ್ತರ ಇರಲಿಲ್ಲ.

ಇನ್ನೊಬ್ಬರು ಹೇಳಿದ್ದು: ಇವತ್ತು ಕೋಣೆ, ನಾಳೆ ಕಾರ್ಯಕ್ರಮ, ನಾಡಿದ್ದು ಬೋಧನೆಯೇ ತಪ್ಪೆಂದು ಮೆರವಣಿಗೆ. ಮೂರನೆಯವರು ಸಂವಿಧಾನ ತೆಗೆದರು. 30ನೇ ವಿಧಿ ನಮಗೆ ನಮ್ಮ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಹೊರಗಿನವರು ಬಂದು ಹೀಗೆ ಮಾಡಿ ಹಾಗೆ ಮಾಡಿ ಎನ್ನಲು ಬಿಟ್ಟರೆ ಆ ಹಕ್ಕು ಉಳಿಯುತ್ತದೆಯೇ ಎಂದರು.

ಈ ಮೂರರಲ್ಲೂ ಸತ್ಯವಿದೆ. ಕ್ರೈಸ್ತ ಕಾಲೇಜು ಕ್ರೈಸ್ತವಾಗಿಯೇ ಇರಬೇಕು. ಧರ್ಮಸಭೆ ಏನು ಕಲಿಸುತ್ತದೋ ಅದನ್ನು ಮರೆಮಾಚಿ ಮುಗುಳ್ನಗುವುದು ಪ್ರೀತಿಯೂ ಅಲ್ಲ, ಪ್ರಾಮಾಣಿಕತೆಯೂ ಅಲ್ಲ. ವಿವಾಹ ಒಬ್ಬ ಗಂಡು, ಒಬ್ಬ ಹೆಣ್ಣಿನ ನಡುವಿನ ಸಂಸ್ಕಾರ ಎಂಬುದು ನಮ್ಮ ಬೋಧನೆ. ಕ್ಯಾಟೆಕಿಸಂನ 2357ನೇ ಕಲಮು ಸಲಿಂಗ ಲೈಂಗಿಕ ಕ್ರಿಯೆಯನ್ನು ಒಪ್ಪುವುದಿಲ್ಲ. ಇದನ್ನು ನಾವು ಅಡಗಿಸುವುದಿಲ್ಲ.

ಆದರೆ ಕ್ಯಾಟೆಕಿಸಂ ಆ ಕಲಮಿಗೇ ನಿಲ್ಲುವುದಿಲ್ಲ. ಮುಂದಿನದೇ 2358. ಇಂಥ ಆಕರ್ಷಣೆ ಇರುವವರನ್ನು ಗೌರವದಿಂದ, ಕನಿಕರದಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎನ್ನುವುದು ಅದರ ಸಾರ. ಧರ್ಮೋಪದೇಶದ ತರಗತಿಯಲ್ಲಿ ಹನ್ನೆರಡು ವರ್ಷ ಕೂತ ನಮಗೆ 2357 ಗೊತ್ತಿತ್ತು. 2358 ಇರುವುದು ಈ ಬರಹಕ್ಕೆ ಓದುವಾಗಲೇ ಗೊತ್ತಾಯಿತು. ಆ ವಾರ್ಡನರಿಗೆ ಗೊತ್ತಿತ್ತೋ ಇಲ್ಲವೋ. ಸ್ಕ್ರೀನ್‌ಶಾಟ್ ಹಂಚಿದವರಿಗೆ ಖಂಡಿತ ಗೊತ್ತಿರಲಿಲ್ಲ.

ಆದ್ದರಿಂದ ಮಾಸ್ಟ್ರಿಗೆ ನಮ್ಮ ಉತ್ತರ ಇದು: ಹೌದು ಮಾಸ್ಟ್ರೇ, ಬೋಧನೆಗಾಗಿಯೇ ಕ್ರೈಸ್ತ ಕಾಲೇಜಿಗೆ ಕಳಿಸಿ. ಆದರೆ ಪೂರ್ತಿ ಬೋಧನೆ ಕೇಳಿ. ಸ್ನಾನದ ಕೋಣೆಯ ಬಾಗಿಲ ಮೇಲೆ ಹುಡುಗನ ಹೆಸರು ಬರೆದವರನ್ನು ಕರೆದು ವಿಚಾರಿಸದ ಕಾಲೇಜು 2357ನ್ನು ಕಾಪಾಡಲಿಲ್ಲ, 2358ನ್ನು ಮುರಿಯಿತು, ಅಷ್ಟೇ.

1986ರಲ್ಲಿ ರೋಮಿನ ವಿಶ್ವಾಸ ಬೋಧನಾ ಪೀಠ, ಆಗಿನ ಕಾರ್ಡಿನಲ್ ರಾಟ್ಸಿಂಗರ್ ಅವರ ಸಹಿಯಲ್ಲಿ, ಧರ್ಮಾಧ್ಯಕ್ಷರಿಗೆ ಒಂದು ಪತ್ರ ಬರೆಯಿತು. ಸಲಿಂಗ ಕ್ರಿಯೆಯ ಬಗ್ಗೆ ಅದರ ನಿಲುವು ಬಹಳ ಕಟ್ಟುನಿಟ್ಟು. ಆದರೂ ಇಂಥವರ ಮೇಲೆ ಮಾತಿನಲ್ಲಾಗಲಿ ಕೈಯಲ್ಲಾಗಲಿ ನಡೆಯುವ ಹಿಂಸೆಯನ್ನು ಅದೇ ಪತ್ರ ಖಂಡಿಸಿದೆ. ಮಾತಿನ ಹಿಂಸೆಯೂ ಹಿಂಸೆ ಎಂದು ನಮಗೆ ಕಲಿಸಲು ಹೊಸ ಕಾಲದವರು ಬೇಕಿರಲಿಲ್ಲ. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಒಂದು ಸಂದರ್ಶನದಲ್ಲಿ, ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದರು. ಪಾಪ ಬೇರೆ ಅಪರಾಧ ಬೇರೆ ಎಂದು ಬಿಡಿಸಿ ಹೇಳಿ, ಒಬ್ಬರಿಗೊಬ್ಬರು ಪ್ರೀತಿ ತೋರದಿರುವುದೂ ಪಾಪವೇ ಎಂದು ಸೇರಿಸಿದರು. ಅದಕ್ಕೂ ಒಂಬತ್ತು ವರ್ಷ ಮೊದಲು, 2013ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು 377ನೇ ಸೆಕ್ಷನ್ನನ್ನು ಉಳಿಸಿಕೊಂಡಾಗ, ಬೊಂಬಾಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಇವರನ್ನು ಅಪರಾಧಿಗಳೆಂದು ಕಾಣುವುದು ಸರಿಯಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಸಲಿಂಗ ವಿವಾಹವನ್ನು ಧರ್ಮಸಭೆ ಒಪ್ಪುವುದಿಲ್ಲ ಎಂಬುದನ್ನೂ ಅವರು ಅದೇ ಉಸಿರಿನಲ್ಲಿ ಹೇಳಿದರು. ಎರಡನ್ನೂ ಒಟ್ಟಿಗೆ ಹೇಳಲು ಬರುತ್ತದೆ ಎನ್ನುವುದಕ್ಕೆ ಅವರೇ ಸಾಕ್ಷಿ.

ಗಡಿಯವರಿಗೆ ಗೊತ್ತಿರುವ ಮಾತು

ಕೋಣೆ ಕೊಟ್ಟರೆ ಒಪ್ಪಿದಂತೆಯೇ ಎಂಬ ಪ್ರಶ್ನೆಗೆ ಕಾಸರಗೋಡಿನವರಾದ ನಾವು ನಮ್ಮ ಬದುಕಿನಿಂದಲೇ ಉತ್ತರ ಹೇಳಬಹುದು. 1956ರ ನವೆಂಬರ್ ಒಂದರಿಂದ ನಾವು ಕೇರಳದಲ್ಲಿದ್ದೇವೆ. ಅಂದಿನಿಂದ ನಮ್ಮ ಹಿರಿಯರು ಕೇಳಿದ್ದೇನು? ಕನ್ನಡ ಶಾಲೆ, ಕನ್ನಡ ಬಲ್ಲ ಟೀಚರು, ಕನ್ನಡದಲ್ಲಿ ಅರ್ಜಿ ನಮೂನೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದರು. ಮಲಯಾಳಿಗಳೆಲ್ಲ ಕನ್ನಡಿಗರಾಗಬೇಕು ಎಂದು ನಾವು ಯಾವತ್ತೂ ಕೇಳಿಲ್ಲ. ನಮ್ಮ ಮಗು ತರಗತಿಯಲ್ಲಿ ಟೀಚರ ಮಾತು ಅರ್ಥವಾಗದೆ ಬಾಯಿ ಬಿಡದೆ ಕೂರುವ ಹಾಗಾಗಬಾರದು ಎಂದಷ್ಟೇ ಕೇಳಿದೆವು.

ಭಾಷೆಯ ವಿಷಯ ಬೇರೆ, ನೀತಿಯ ವಿಷಯ ಬೇರೆ ಎಂದು ಮಾಸ್ಟ್ರು ಆಕ್ಷೇಪಿಸಿದರು. ಸರಿ. ಕನ್ನಡ ಮಾತಾಡುವುದು ಪಾಪವೋ ಪುಣ್ಯವೋ ಎಂದು ಯಾರೂ ಕೇಳುವುದಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯುವುದು ಬೇಡ. ಆದರೆ ಬಹುಸಂಖ್ಯಾತರ ನಡುವೆ ಬಾಯಿಮುಚ್ಚಿ ಕೂತ ಮಗುವಿನ ಮುಖ ಹೇಗಿರುತ್ತದೆ ಎನ್ನುವುದು ನಮಗೆ ಗೊತ್ತು. ಜಾಗ ಕೊಡುವುದು ಬೇರೆ, ಮತಾಂತರವಾಗುವುದು ಬೇರೆ ಎಂಬುದೂ ಗೊತ್ತು. ಅಲ್ಪಸಂಖ್ಯಾತರ ಹಕ್ಕೆಂದು 30ನೇ ವಿಧಿಯನ್ನು ಹಿಡಿದುಕೊಂಡವರು, ತಮ್ಮ ಛಾವಣಿಯ ಕೆಳಗಿನ ಇನ್ನೂ ಸಣ್ಣ ಅಲ್ಪಸಂಖ್ಯಾತರನ್ನು ನೋಡುವ ರೀತಿಯಲ್ಲೇ ಆ ಹಕ್ಕಿನ ಮರ್ಯಾದೆ ಉಳಿಯಬೇಕು ಅಥವಾ ಹೋಗಬೇಕು.

ಕಾನೂನಿನ ಮಟ್ಟಿಗೆ ಇಲ್ಲಿ ಗೊಂದಲ ಬೇಡ. 2018ರ ಸೆಪ್ಟೆಂಬರ್ ಆರರಂದು, ಮೊಂತಿ ಹಬ್ಬಕ್ಕೆ ಎರಡು ದಿನ ಇರುವಾಗ, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸಲಿಂಗ ವಿವಾಹದ ಹಕ್ಕನ್ನು 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಕೊಡಲಿಲ್ಲ. ಅದಕ್ಕೂ ಮೊದಲೇ, 2016ರಲ್ಲಿ, ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮಗಳಿಗೆ ತಿದ್ದುಪಡಿ ತಂದಿದೆ. ಜಾತಿ, ಧರ್ಮ, ಬಣ್ಣದ ಜೊತೆಗೆ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣಕ್ಕೆ ಒಬ್ಬ ವಿದ್ಯಾರ್ಥಿಯನ್ನು ಹೀಯಾಳಿಸುವುದು, ದೂರ ಇಡುವುದು ಕೂಡ ರ‍್ಯಾಗಿಂಗ್. ಮೇಜಿನಿಂದ ಎದ್ದು ಹೋದದ್ದು, ಬಾಗಿಲ ಮೇಲೆ ಹೆಸರು ಬರೆದದ್ದು ತಮಾಷೆಯಾಗಿರಲಿಲ್ಲ. ಅದಕ್ಕೆ ನಿಯಮದಲ್ಲಿ ಹೆಸರಿದೆ, ಶಿಕ್ಷೆಯೂ ಇದೆ.

ಒಳ್ಳೆಯ ಉದಾಹರಣೆಯೂ ದೂರದಲ್ಲಿಲ್ಲ. 2016ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ, ಓದು ಅರ್ಧಕ್ಕೆ ಬಿಟ್ಟ ಟ್ರಾನ್ಸ್‌ಜೆಂಡರ್ ವಯಸ್ಕರಿಗಾಗಿ 'ಸಹಜ್' ಎಂಬ ಶಾಲೆ ಆರಂಭವಾಯಿತು. ಕಟ್ಟಡ ಸಿಗುವುದೇ ಕಷ್ಟವಾಗಿತ್ತು. ಕೊನೆಗೆ ಜಾಗ ಕೊಟ್ಟವರು ಸಂತ ಚಾವರ ಅವರ ಸಿಎಂಸಿ ಸಭೆಯ ಸಿಸ್ಟರುಗಳು. ಆ ಸಿಸ್ಟರುಗಳು ಯಾವ ಬೋಧನೆಯನ್ನೂ ತಿದ್ದಲಿಲ್ಲ. ಇದ್ದ ಕೋಣೆಯ ಬೀಗ ತೆಗೆದರು. ಜಾರ್ಜ್‌ಟೌನಿನಲ್ಲಿ ಏಳು ವರ್ಷ ಕೋರ್ಟಿನಲ್ಲಿ ನಡೆದ ವಾದಕ್ಕೆ ಅವರ ಉತ್ತರ ಒಂದು ಬೀಗದ ಕೈ.

ಕೈಯಿಂದ ಬಿದ್ದ ಕಲ್ಲುಗಳು

ಚರ್ಚೆಯಲ್ಲಿ ಯೊವಾನ್ನರ ಶುಭಸಂದೇಶದ ಎಂಟನೇ ಅಧ್ಯಾಯವನ್ನು ಎರಡೂ ಕಡೆಯವರು ತೆಗೆದರು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸು. ಪ್ರಭು ಅವಳನ್ನು ತೀರ್ಪಿಗೆ ಗುರಿಮಾಡಲಿಲ್ಲ ಎಂದು ಒಬ್ಬರೆಂದರೆ, ಇನ್ನು ಪಾಪ ಮಾಡಬೇಡ ಎಂದೂ ಹೇಳಿದರಲ್ಲ ಎಂದು ಇನ್ನೊಬ್ಬರು. ಎರಡೂ ನಿಜ. ನಮಗೆ ಹೊಳೆದದ್ದು ಕ್ರಮ. ಮೊದಲು ಸುತ್ತ ನಿಂತವರ ಕೈಯಿಂದ ಕಲ್ಲುಗಳು ಬಿದ್ದವು. ಅವರು ಒಬ್ಬೊಬ್ಬರಾಗಿ, ಹಿರಿಯರಿಂದ ಮೊದಲುಗೊಂಡು ಹೊರಟುಹೋದರು. ಅವಳ ಪ್ರಾಣಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಪ್ರಭು ಅವಳೊಂದಿಗೆ ಮಾತಾಡಿದರು. ಜನರ ಎದುರಿಗಲ್ಲ. ಅವಳ ತಂದೆಗೆ ಹೇಳಿಕಳಿಸಲೂ ಇಲ್ಲ.

ಜಕ್ಕಾಯನ ವಿಷಯದಲ್ಲೂ ಅದೇ ಕ್ರಮ. ಪ್ರಭು ಮೊದಲು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಗೆ ಬರುತ್ತೇನೆ ಎಂದರು. ಅವನು ಬದಲಾದದ್ದು ಆಮೇಲೆ. ಕಲ್ಲು ಹಿಡಿದ ಕೈಗಳ ನಡುವೆ ಕೊಡುವ ಉಪದೇಶ ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ಗೆಳೆಯನೇ ಹೇಳಿದ ಮಾತಿದು: "ಧರ್ಮಸಭೆ ನನ್ನಿಂದ ಏನು ಕೇಳುತ್ತದೆ ಎಂದು ನನಗೆ ಗೊತ್ತಿದೆ. ಅದರ ಜೊತೆ ದಿನಾ ಜಗಳವಾಡಿಕೊಂಡೇ ಪ್ರಾರ್ಥಿಸುತ್ತೇನೆ. ಆ ಜಗಳವನ್ನು ಚರ್ಚಿನೊಳಗೆ ಕೂತು ಆಡುವ ಹಾಗೆ ನೀವು ಬಿಡಲಿಲ್ಲ."

ನಾವು ಕೇಳುವುದು

ಕ್ರೈಸ್ತ ಕಾಲೇಜುಗಳು ಬೋಧನೆಯನ್ನು ಬದಲಿಸಬೇಕೆಂದು ನಾವು ಕೇಳುತ್ತಿಲ್ಲ. ಆ ಅಧಿಕಾರ ಕಾಲೇಜಿಗೂ ಇಲ್ಲ, ನಮಗೂ ಇಲ್ಲ. ಕೇಳುವುದು ಇಷ್ಟು. ಹಾಸ್ಟೆಲಿನ ನಿಯಮ ಪುಸ್ತಕದಲ್ಲಿ ಇಂಥ ಹೀಯಾಳಿಕೆಯೂ ರ‍್ಯಾಗಿಂಗ್ ಎಂದು ಕನ್ನಡದಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸ್ಪಷ್ಟವಾಗಿ ಬರೆಯಲಿ, ದೂರು ಬಂದಾಗ ಮೊದಲು ಹಿಂಸೆ ಕೊಟ್ಟವರನ್ನು ಕರೆಯಲಿ. ವಿದ್ಯಾರ್ಥಿ ನಂಬಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಮನೆಗೆ ಹೇಳದಿರಲಿ. ಪಾಪನಿವೇದನೆಯ ಮುದ್ರೆಗೆ ಇಷ್ಟು ಗೌರವ ಕೊಡುವ ನಾವು ನಂಬಿ ಹೇಳಿದ ಮಾತಿನ ಬೆಲೆಯನ್ನು ಬೇರೆ ಯಾರಿಂದಲೂ ಕಲಿಯಬೇಕಾಗಿಲ್ಲ. ಇಂಥ ಮಕ್ಕಳು ಆಪ್ತಸಲಹೆಗಾರರ ಅಥವಾ ಕ್ಯಾಂಪಸ್ ಫಾದರ್ ಜೊತೆ ಹೆದರದೆ ಕೂತು ಮಾತಾಡಲು ಒಂದು ಕೋಣೆ, ಒಂದು ಹೊತ್ತು ಇರಲಿ.

'ಗುಣಪಡಿಸುತ್ತೇವೆ' ಎಂದು ಹೇಳುವವರ ಬಳಿ ಯಾರನ್ನೂ ಕಳಿಸುವುದು ಬೇಡ. 2021ರ ಜೂನಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅಂಥ ಚಿಕಿತ್ಸೆಯನ್ನು ನಿಷೇಧಿಸಬೇಕೆಂದರು. ತೀರ್ಪಿಗೆ ಮೊದಲು ಅವರು, ಈ ವಿಷಯ ತನಗೆ ಪೂರ್ತಿ ಅರ್ಥವಾಗಿಲ್ಲ ಎಂದು ಒಪ್ಪಿಕೊಂಡು ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೂತು ತಿಳಿದುಕೊಂಡಿದ್ದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ಹೈಕೋರ್ಟಿನ ನ್ಯಾಯಮೂರ್ತಿಯೇ 'ನನಗೆ ಗೊತ್ತಿಲ್ಲ, ಕಲಿಯುತ್ತೇನೆ' ಎನ್ನಬಹುದಾದರೆ ನಮ್ಮ ವಾರ್ಡನರು, ನಮ್ಮ ತಂದೆ ತಾಯಂದಿರು, ನಾವು ಕೂಡ ಹಾಗೆನ್ನಬಹುದು.

ಈ ಬೇಡಿಕೆಗಳಲ್ಲಿ ಯಾವುದರಿಂದ ಬೋಧನೆಗೆ ಧಕ್ಕೆ ಬರುತ್ತದೆಂದು ಯಾರಾದರೂ ತೋರಿಸಿದರೆ ನಾವು ಮತ್ತೆ ಕೂತು ಮಾತಾಡಲು ಸಿದ್ಧ.

ಕಾಲೇಜಿಗೆ ಹೇಳುವುದು ಸುಲಭ. ನಮ್ಮ ಕೈಯಲ್ಲೇ ಇರುವುದನ್ನು ನಾವು ಮೊದಲು ಮಾಡಬೇಕು. ನಮ್ಮ ವಾಟ್ಸಾಪ್ ಗುಂಪಿಗೆ ಈಗ ಒಂದು ನಿಯಮ ಇದೆ. ಯಾರದೇ ಖಾಸಗಿ ಸಂದೇಶ, ಫೋಟೋ ಬಂದರೆ ಅಡ್ಮಿನ್ ತೆಗೆಯುತ್ತಾರೆ, ನೋಡಿದವರು ಸುಮ್ಮನಿರುವ ಹಾಗಿಲ್ಲ. ಧರ್ಮೋಪದೇಶದ ಹಿರಿಯ ತರಗತಿಯಲ್ಲಿ 2357ರಿಂದ 2359ರ ತನಕ ಮೂರೂ ಕಲಮುಗಳನ್ನು ಒಟ್ಟಿಗೇ ಕಲಿಸಬೇಕೆಂದು ಫಾದರ್ ಹತ್ತಿರ ಕೇಳಿದ್ದೇವೆ, ಒಪ್ಪಿದ್ದಾರೆ. ನಾಟಕದಲ್ಲಿ ಹುಡುಗನಿಗೆ ಸೀರೆ ಉಡಿಸಿ ನಗಿಸುವ ಹಳೆಯ ಹಾಸ್ಯವನ್ನು ಈ ವರ್ಷದ ವಾರ್ಷಿಕ ಹಬ್ಬದಿಂದ ಬಿಟ್ಟಿದ್ದೇವೆ. ಕೆಲವರಿಗೆ ಬೇಸರವಾಗಿದೆ. ಆಗಲಿ.

ನಗುವ ಇಮೋಜಿ ಹಾಕಿದ ಐವರಲ್ಲಿ ಮೂವರು ಈ ಬರಹ ಬರೆದವರಲ್ಲಿ ಇದ್ದೇವೆ. ನಾವು ಅವನಿಗೆ ಫೋನು ಮಾಡಿ ಕ್ಷಮೆ ಕೇಳಿದೆವು. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಗೋದಲಿಗೆ ಈಗ ಯಾರು ಬಿದಿರು ತರುತ್ತಾರೆ ಎಂದು ಕೇಳಿದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಅದನ್ನು ಹೇಳಬೇಕೆಂದು ಕೇಳುವ ಹಕ್ಕು ನಮಗಿಲ್ಲ.

ಈ ಸೆಪ್ಟೆಂಬರ್ ಎಂಟಕ್ಕೆ ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ತಂದೆ ಇನ್ನೂ ಮಾತಾಡುತ್ತಿಲ್ಲ. ತಾಯಿ ಅವನ ಪಾಲು ತೆಗೆದಿಡುತ್ತಾರೆ, ಅದು ಗೊತ್ತು. ಅಂದು ಪೂಜೆಯಲ್ಲಿ ಮೂರನೇ ಬೆಂಚಿನಲ್ಲಿ ಅವರ ಪಕ್ಕ ಹೋಗಿ ಕೂರುವುದೆಂದು ನಾವು ನಿರ್ಧರಿಸಿದ್ದೇವೆ. ಚರ್ಚೆಯ ಯಾವ ಪಕ್ಷದಲ್ಲಿದ್ದರೂ ಸರಿ, ನೀವೂ ಬನ್ನಿ. ಬೆಂಚಿನಲ್ಲಿ ಜಾಗವಿದೆ.